ಹಂಡೆ ನೀರಿಗೆ ಬಿಟ್ಟ ಬ್ರೇಕ್ ಡ್ರಮ್

ಹೋದ ವರ್ಷ ದಸರಾ ಮುಗಿದ ವಾರದ ಮಾತು. ನನ್ನ ಯಜಮಾನರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಹೊಸನಗರದ ಹತ್ತಿರ ನಮ್ಮ ಊರು. ಹಳೆಯ ವ್ಯಾನಿನಲ್ಲಿ ನೈಟಿ, ಮಕ್ಕಳ ಬಟ್ಟೆ ತುಂಬಿಕೊಂಡು ಇಬ್ಬರೂ ಸಂತೆ ಸಂತೆ ತಿರುಗಿದವರು. ವ್ಯಾನ್ ಓಡಿಸಲು ಅವರೇ ನನಗೆ ಕಲಿಸಿದ್ದರು. ಮತ್ತೆ ಸಂತೆಗೆ ಹೊರಡೋಣವೆಂದು ಬ್ಯಾಟರಿ ಚಾರ್ಜ್ ಮಾಡಿಸಿ ತಂದೆ. ಎಂಜಿನ್ ಸ್ಟಾರ್ಟ್ ಆಯಿತು, ಹ್ಯಾಂಡ್ ಬ್ರೇಕ್ ಇಳಿಸಿದೆ, ಗಾಡಿ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಹಬ್ಬಕ್ಕೆಂದು ಹುಬ್ಬಳ್ಳಿಯಿಂದ ಬಂದಿದ್ದ ಭಾವ, ಅಂದರೆ ಯಜಮಾನರ ಅಣ್ಣ, ಜಗಲಿಯಲ್ಲಿ ಕೂತೇ ತೀರ್ಮಾನ ಕೊಟ್ಟರು. "ಗುಜರಿಯವನಿಗೆ ಫೋನ್ ಮಾಡಿದೀನಿ, ಮಧ್ಯಾಹ್ನ ಬರ್ತಾನೆ. ಹೆಂಗಸು ಒಬ್ಳೇ ಸಂತೆ ತಿರುಗೋದು ಎಂತ ಚಂದ? ಮನೇಲಿರು."

ನನಗೆ ಮೈಯೆಲ್ಲ ಉರಿದುಹೋಯಿತು. ಆ ವ್ಯಾನ್ ಹೋದರೆ ನನ್ನ ದುಡಿಮೆಯೂ ಹೋದಂತೆ, ಆಮೇಲೆ ಇವರ ಕೈ ನೋಡಿಕೊಂಡು ಬದುಕಬೇಕು. "ಗಾಡಿ ನಂದು ಭಾವ. ಅವ್ನು ಬರೋದ್ರೊಳಗೆ ಓಡಿಸ್ತೀನಿ, ನೋಡ್ತಿರಿ" ಎಂದೆ. ಅವರು ನಕ್ಕರು.

ಎಲ್ಲಿ ಕಚ್ಚಿದೆ ಎಂದು ನನಗೆ ಗೊತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಟ್ಟರೆ ಚಕ್ರಕ್ಕೆ ಕಲ್ಲು ಕೊಡುತ್ತೇವೆ, ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ. ಎಳೆದಿಟ್ಟರೆ ಥಂಡಿಗೆ ತುಕ್ಕು ಹಿಡಿದು ಹಿಂದಿನ ಚಕ್ರದ ಬ್ರೇಕ್ ಡ್ರಮ್ ಕಚ್ಚಿಕೊಂಡುಬಿಡುತ್ತದೆ. ಯಜಮಾನರ ವೈಕುಂಠ ಸಮಾರಾಧನೆಗೆ ಚಪ್ಪರ ಹಾಕುವಾಗ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ ಬ್ರೇಕ್ ಎಳೆದವರು ಇದೇ ಭಾವ!

ಜಾಕ್ ಕೊಟ್ಟು ಚಕ್ರ ಬಿಚ್ಚಿದೆ. ಗಾಡಿಯ ಅಡಿ ನುಸುಳಿ ಬ್ರೇಕ್ ಕೇಬಲ್ ಸಡಿಲ ಮಾಡಿದೆ. ಎಣ್ಣೆ ಬಿಟ್ಟು, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಬಡಿದೇ ಬಡಿದೆ. ಅಂಗೈಯಲ್ಲಿ ಬೊಬ್ಬೆ ಬಂತು, ಅದು ಅಲ್ಲಾಡಲಿಲ್ಲ.

"ಸಾಕು ಬಿಡು ಮಾರಾಯ್ತಿ, ಮುಖ ಎಲ್ಲಾ ಮಸಿ" ಎಂದರು ಭಾವ, ಕಾಫಿ ಹೀರುತ್ತ.

ಅಷ್ಟರಲ್ಲಿ ನಮ್ಮತ್ತೆ ಬಚ್ಚಲುಮನೆಯ ಹಂಡೆಯಿಂದ ಕುದಿಯುವ ನೀರು ತೋಡಿ ಬಕೆಟ್ ಹಿಡಿದು ಬಂದರು. "ಅದಕ್ಕೆ ಬಿಸಿ ತಾಗ್ಬೇಕು. ನಿನ್ ಗಂಡ ಹಂಡೆ ನೀರು ಹೊಯ್ದು ಬಿಚ್ಚಿದ್ದು ನಾನು ಕಂಡಿದೀನಿ" ಎಂದವರೇ ದೊಡ್ಡ ಮಗನ ಕಡೆ ತಿರುಗಿದರು. "ನೀನೆಂತಕ್ಕೆ ಕೂತಿದೀಯ? ಇನ್ನೊಂದು ಬಕೆಟ್ ತಗೊಂಡ್ ಬಾ!" ಭಾವ ಕಾಫಿ ಲೋಟ ಕೆಳಗಿಟ್ಟು ಬಚ್ಚಲುಮನೆಗೆ ಎದ್ದು ಹೋದರು.

ನೀರು ಹೊಯ್ದೆವು. ಡ್ರಮ್ಮಿನ ಎರಡು ತೂತಿಗೆ ಬೋಲ್ಟ್ ಹಾಕಿ, ಒಮ್ಮೆ ಇದು ಒಮ್ಮೆ ಅದು ಎಂದು ಬಿಗಿಯುತ್ತ ಹೋದೆ; ಬಿಗಿದಷ್ಟೂ ಬೋಲ್ಟ್ ಡ್ರಮ್ಮನ್ನು ಹೊರಗೆ ತಳ್ಳುತ್ತದೆ. ಟಣ್ ಎಂದು ಕಳಚಿ, ಕೆಂಪು ಪುಡಿ ಉದುರಿಸುತ್ತ ನೆಲಕ್ಕೆ ಬಿತ್ತು. ನನಗೆ ಅಳುವೂ ಬಂತು, ನಗುವೂ ಬಂತು. ಇನ್ನೊಂದು ಕಡೆಯದೂ ಹಾಗೇ ಬಿಟ್ಟಿತು. ತುಕ್ಕು ಉಜ್ಜಿ ಎಲ್ಲ ಜೋಡಿಸಿದೆ.

ಗುಜರಿಯವನು ಬಂದಾಗ ನಾನು ವ್ಯಾನನ್ನು ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ಬ್ರೇಕ್ ನೋಡುತ್ತಿದ್ದೆ. "ಇದೇನಾ ಗಾಡಿ?" ಎಂದು ಕೇಳಿದ.

"ಗಾಡಿ ಕೊಡಲ್ಲ. ನೈಟಿ ಬೇಕಾದ್ರೆ ಕೊಡ್ತೀನಿ" ಎಂದೆ. ಪಾಪ, ಹೆಂಡತಿಗೆಂದು ಒಂದು ತೆಗೆದುಕೊಂಡೇ ಹೋದ. ಯಜಮಾನರಿಲ್ಲದೆ ನಾನೊಬ್ಬಳೇ ಮಾಡಿದ ಮೊದಲ ಬೋಣಿ ಅದು.

ಈಗ ಆನಂದಪುರ, ಸಾಗರ, ತೀರ್ಥಹಳ್ಳಿ ಎಂದು ನಾನೇ ಓಡಿಸಿಕೊಂಡು ಹೋಗುತ್ತೇನೆ. ಭಾವ ಅಂದು ನಕ್ಕದ್ದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಅವರು ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಬೇಡ ಬಿಡಿ. ಅತ್ತೆ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡುತ್ತಾರೆ, ನನಗೆ ಅಷ್ಟು ಸಾಕು.