ಕೆನಡಾ ಗೆಲ್ಲಲು ಹೊರಟ ಸತೀಶ

ಈಚೆಗೆ ಒಂದು ಭಾನುವಾರ, ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆಯ ಊಟದ ಟೇಬಲ್ಲಿನಲ್ಲಿ ಬ್ರಿಟನ್ ಮೇಲೆ ಯುದ್ಧ ಶುರುವಾಯಿತು. (ಗಾಬರಿ ಬೇಡ. ಇನ್ನೂರು ವರ್ಷಕ್ಕೂ ಹಳೆಯ ಯುದ್ಧ.)

ಎಂಟನೇ ಗ್ರೇಡಿನ ನಮ್ಮ ಮಗಳು ಮೇಘನಾಗೆ ಸ್ಕೂಲಿನಲ್ಲಿ ಡಿಬೇಟ್ ಇತ್ತು. ಆಗಿನ್ನೂ ಎಳಸಾಗಿದ್ದ ಅಮೆರಿಕದ ಹಡಗುಗಳನ್ನು ಬ್ರಿಟಿಷರು ನಡುಸಮುದ್ರದಲ್ಲಿ ತಡೆದು, ನಾವಿಕರನ್ನು ತಮ್ಮ ನೌಕಾಪಡೆಗೆ ಎಳೆದೊಯ್ಯುತ್ತಿದ್ದ ಕಾಲ. ಯುದ್ಧ ಬೇಕೇ, ಬೇಡವೇ? ಮೇಘನಾಳದು ‘ಬೇಡ’ ಪಕ್ಷ. ನನ್ನ ಗಂಡ ಮುರಳಿ ಅವಳಿಗೆ ಕೋಚ್. ಊಟಕ್ಕೆ ಬಂದಿದ್ದ ಅವನ ಕಾಲೇಜು ಗೆಳೆಯ, ಪಕ್ಕದ ಬೀದಿಯ ಸತೀಶ, “ಪ್ರಾಕ್ಟೀಸಿಗೆ ನಾನು ಯುದ್ಧದ ಪರ” ಎಂದ.

ಎಂಥಾ ಪರ! “ನಮ್ಮ ಹುಡುಗ್ರನ್ನ ಎತ್ತಾಕ್ಕೊಂಡು ಹೋಗ್ತಿದಾರೆ, ನಾವು ಸುಮ್ನೆ ಕೂತಿರೋದಾ?”

“ಸರಿಯಾದ ನೌಕಾಪಡೆನೇ ಇಲ್ದೆ ಏನೋ ಯುದ್ಧ? ವ್ಯಾಪಾರ ಪೂರ್ತಿ ಮುಳುಗೋಗತ್ತೆ” ಎಂದ ಮುರಳಿ.

“ಸಮುದ್ರ ಯಾಕೆ? ನಡ್ಕೊಂಡ್ ಹೋಗಿ ಬ್ರಿಟಿಷರ ಕೈಲಿರೋ ಕೆನಡಾ ಹಿಡಿಯೋದು. ಆಗ್ಲೇ ಸರಿಯಾಗಿ ಹಿಡ್ದಿದ್ರೆ ಇವತ್ತು ವೀಸಾ ಇಲ್ದೆ ಆ ಕಡೆಯಿಂದ ನಯಾಗರ ನೋಡಬಹುದಿತ್ತು!” (ಅಂದಿನ ರಾಜಕಾರಣಿಗಳಿಗೆ ಈ ಪಾಯಿಂಟ್ ಹೊಳೆದಿರಲಿಕ್ಕಿಲ್ಲ.)

“ಅಂಕಲ್, ಸ್ಲೋ ಡೌನ್” ಎಂದಳು ಮೇಘನಾ, ಟೈಪ್ ಮಾಡುತ್ತಾ.

ಯಾರು ಕೇಳುತ್ತಾರೆ? ದನಿ ಏರಿತು. ಆಗ ಮುರಳಿ ಆಡಬಾರದ್ದು ಆಡಿಬಿಟ್ಟ. “ನಮ್ಮ ಹುಡುಗ್ರು, ನಮ್ಮ ಹುಡುಗ್ರು ಅಂತೀಯಲ್ಲ, ನಿಂಗಿನ್ನೂ ಗ್ರೀನ್ ಕಾರ್ಡೇ ಬಂದಿಲ್ಲ!”

ವರ್ಷಗಟ್ಟಲೆ ಕಾದು ಕೂತವನಿಗೆ ಅನ್ನುವ ಮಾತೇ ಅದು? ಸತೀಶ ಪಾಯಸ ಮುಟ್ಟದೆ ಎದ್ದುಹೋದ.

ಸೋಮವಾರದಿಂದ, ಇಬ್ಬರೂ ದಿನಾ ಜೊತೆಗೆ ಆಫೀಸಿಗೆ ಹೋಗುವ ಮ್ಯಾನ್‌ಹ್ಯಾಟನ್ ಬಸ್ಸಿನಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ. “ಹೋಗಿ ಸಾರಿ ಕೇಳು” ಎಂದೆ. “ಹಿಸ್ಟರಿ ನನ್ನ ಕಡೆ ಇದೆ” ಎಂದ ಮುರಳಿ. ಹಿಸ್ಟರಿ ಬಂದು ಇವನ ಪಕ್ಕದ ಸೀಟಿನಲ್ಲಿ ಕೂರುತ್ತದೆಯೇ?

ಶುಕ್ರವಾರ ಡಿಬೇಟ್ ಮುಗಿಯಿತು. ಕ್ಲಾಸು ವೋಟು ಹಾಕಿ ಯುದ್ಧವನ್ನೇ ಗೆಲ್ಲಿಸಿತು. “ದೇ ಜಸ್ಟ್ ಯೆಲ್ಡ್ ಲೌಡರ್” ಎಂದು ಮೇಘನಾ ಅತ್ತಳು. ಅಂಕಲ್‌ಗೂ ಮೆಸೇಜ್ ಹಾಕಿದಳು.

ಹತ್ತೇ ನಿಮಿಷದಲ್ಲಿ ಸತೀಶ ಬಾಗಿಲಲ್ಲಿ. “ನಮ್ಮ ಮಗು ಸೋಲೋದು ಅಂದ್ರೇನೋ?”

“ಅವತ್ತು ನಾನು ಹಾಗನ್ನಬಾರ್ದಿತ್ತು ಕಣೋ” ಎಂದ ಮುರಳಿ, ನೆಲ ನೋಡುತ್ತಾ.

“ಬಿಡೋ ಅದನ್ನ. ಟೀಚರ್‌ಗೆ ಒಂದು ಪೊಲೈಟ್ ಈಮೇಲ್ ಹಾಕೋಣ. ಮಾತಾಡಿ ಬಗೆಹರಿಸ್ಕೊಳೋಣ” ಎಂದ ಸತೀಶ.

“ಈಮೇಲಾ? ಈಗ್ಲೇ ಹೋಗಿ ಪ್ರಿನ್ಸಿಪಾಲ್‌ನ ವಿಚಾರಿಸ್ಕೊತೀನಿ!” (ಸಂಜೆ ಏಳಕ್ಕೆ ಯಾವ ಪ್ರಿನ್ಸಿಪಾಲ್?)

“ಅಪ್ಪಾ, ಯು ವರ್ ಅಗೇನ್ಸ್ಟ್ ದ ವಾರ್!” ಎಂದು ಮೇಘನಾ ಕಿರುಚಿದಳು.

ಯುದ್ಧ ಬೇಡವೆಂದು ವಾರವಿಡೀ ಗಂಟಲು ಹರಿದುಕೊಂಡಿದ್ದ ನನ್ನ ಗಂಡ ಆಗಲೇ ಕಾರನ್ನು ರಿವರ್ಸ್ ತೆಗೆಯುತ್ತಿದ್ದ.