ಗಾಜಿನಡಿಯ ಡ್ರ್ಯಾಗನ್

ಹೋದ ಭಾನುವಾರ ಮುಂಬಯಿ ಪಕ್ಕದ ವಾಶಿಯ ಮಾಲ್‌ನಲ್ಲಿ, ಆಟದ ಕಾರ್ಡ್ ಮಾರಲು ನಾನು ಹಾಕಿದ್ದ ಮೇಜಿನೆದುರು ಯಾರೋ ಹೊಸ ಕಾರ್ಡ್ ಪ್ಯಾಕೆಟ್ ಹರಿದರು. ಶಾಯಿ, ಅಂಟು, ಪ್ಲಾಸ್ಟಿಕ್ ಬೆರೆತ ವಾಸನೆ. ದಿನವಿಡೀ ಚೌಕಾಸಿ ಮಾಡಿ ಗಂಟಲು ಒಣಗಿತ್ತು. ಆದರೂ ಮನಸ್ಸು ಡೊಂಬಿವಲಿ ಸ್ಟೇಶನ್ ಹತ್ತಿರದ ಆ ಸಣ್ಣ ಸ್ಟೇಶನರಿ ಅಂಗಡಿಗೆ ಹೋಯಿತು... ಅದನ್ನು ನಡೆಸುತ್ತಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸಿನ ಹತ್ತಿರ.

ಉಡುಪಿ ಕಡೆಯವರು. ಮಾಂತ್ರಿಕರು, ದೈತ್ಯರು ಕಾದಾಡುವ ಆ ಕಾರ್ಡ್ ಆಟದ ನಿಯಮ ಅವರಿಗೆ ಒಂದೂ ಗೊತ್ತಿರಲಿಲ್ಲ. ವ್ಯಾಪಾರ ಮಾತ್ರ ಚೆನ್ನಾಗಿ ಗೊತ್ತಿತ್ತು. ಪ್ಯಾಕೆಟ್ಟಿನಲ್ಲಿ ಅಪರೂಪಕ್ಕೆ ಬರುವ ಹೊಳೆಯುವ ಫಾಯಿಲ್ ಕಾರ್ಡಿಗಾಗಿ ನಾವೆಲ್ಲ ದುಡ್ಡು ಸುರಿಯುತ್ತಿದ್ದೆವು. ತಾವೇ ಒಂದು ಪ್ಯಾಕೆಟ್ ಒಡೆದಾಗ ಸಿಕ್ಕಿದ ಚಿನ್ನದ ಬಣ್ಣದ ಡ್ರ್ಯಾಗನ್ನನ್ನು ಅವರು ಕೌಂಟರಿನ ಗಾಜಿನಡಿ ಇಟ್ಟಿದ್ದರು. ನನ್ನ ಆಲ್ಬಮ್‌ನಲ್ಲಿ ಖಾಲಿ ಇದ್ದದ್ದು ಅದೇ ಒಂದು ಜಾಗ. ನಾನೂ ಬಿಡುವವನಲ್ಲ; ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಬಂದ ಸಂಜೆಯೂ ನಿಂತು ಕೇಳುತ್ತಿದ್ದೆ.

"ಅಕ್ಕಾ, ಇವತ್ತು ಫೈನಲ್ ರೇಟ್ ಹೇಳಿಬಿಡಿ."

"ಅದನ್ನು ಕೊಟ್ರೆ ನಾಳೆ ನನ್ನ ಪ್ಯಾಕೆಟ್ ಯಾರು ತೆಕ್ಕೊಳ್ತಾರೆ ಮಾರಾಯ? ಅದನ್ನು ನೋಡಿಯೇ ನೀನು ಸಹ ಬರುವುದಲ್ವಾ?"

ನಿಜವೇ. ಹೊಸದಾಗಿ ಅಂಗಡಿ ಇಡುವವರಿಗೆ ಇವತ್ತಿಗೂ ನಾನು ಹೇಳುವುದು ಅದನ್ನೇ: ಒಂದು ಒಳ್ಳೆಯ ಸರಕನ್ನು ಮಾರದೆ ಇಟ್ಟುಕೊಳ್ಳಿ.

ಕೆಲವು ವರ್ಷಗಳ ಮೇಲೆ ಆ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು; ಹಳೆಯದನ್ನು ಕೆಡವಿ ಟವರ್ ಕಟ್ಟುವವರಿದ್ದರು. ಅಂಗಡಿ ಬಾಡಿಗೆಯದು, ಹೊಸ ಟವರಿನಲ್ಲಿ ಅವರಿಗೆ ಜಾಗವಿರಲಿಲ್ಲ. ಸಾಮಾನು ಕಟ್ಟುವ ದಿನ ಅವರೇ ಫೋನ್ ಮಾಡಿದರು.

"ಬಂದು ಆ ಕಾರ್ಡ್ ತೆಕ್ಕೊಂಡು ಹೋಗು. ಇನ್ನು ಅದಕ್ಕೆ ಯಾರನ್ನು ಕರೀಲಿಕ್ಕುಂಟು?"

ಗಾಜು ಎತ್ತಿದೆವು. ಕಾರ್ಡೂ ಜತೆಗೇ ಎದ್ದು ಬಂತು. ಅಷ್ಟು ಮಳೆಗಾಲಗಳ ಪಸೆಗೆ ಅದರ ಮುಖ ಗಾಜಿಗೆ ಕಚ್ಚಿಕೊಂಡಿತ್ತು. ಫಾಯಿಲ್ ಕಾರ್ಡನ್ನು ಕವರ್ ಹಾಕದೆ ಗಾಜಿನಡಿ ಇಡಲೇಬೇಡಿ. ಬ್ಲೇಡಿನ ತುದಿಯಿಂದ ಮೆಲ್ಲಗೆ ಬಿಡಿಸಿದೆ... ಕೈಗೆ ಬಂದದ್ದು ಬರೀ ಹಿಂಬದಿಯ ಕಾಗದ. ಗಾಜಿನಲ್ಲಿ ಡ್ರ್ಯಾಗನ್ ಮೊದಲಿನಂತೆಯೇ ಹೊಳೆಯುತ್ತಿತ್ತು.

ಅಕ್ಕ ನಕ್ಕರು. "ಅದಕ್ಕೂ ಅಂಗಡಿ ಬಿಡ್ಲಿಕ್ಕೆ ಮನಸ್ಸಿಲ್ಲ ನೋಡು." ಆಮೇಲೆ ನನಗೆ ಬೆನ್ನು ಹಾಕಿ, ಖಾಲಿ ಶೆಲ್ಫನ್ನು ಬಹಳ ಹೊತ್ತು ಒರೆಸುತ್ತ ನಿಂತರು.

ಅಕ್ಕ ಲೋಕಲ್ ಹಾದಿಯಲ್ಲಿ ಇನ್ನೂ ಆಚೆಯ ಟಿಟ್ವಾಳಾದಲ್ಲಿ ಮನೆ ಮಾಡಿದರು. ಬಾ ಬಾ ಎನ್ನುತ್ತಿದ್ದರು. ಕಲ್ಯಾಣ್ ದಾಟಿ ಹೋಗುವಷ್ಟು ತ್ರಾಣ ಭಾನುವಾರಗಳಲ್ಲಿ ನನಗೆ ಉಳಿಯುತ್ತಿರಲಿಲ್ಲ... ಅವರು ತೀರಿಕೊಂಡ ಸುದ್ದಿಯೂ ತಡವಾಗಿಯೇ ತಿಳಿಯಿತು.

ಈಗ ಅದೇ ಡ್ರ್ಯಾಗನ್ ಕಾರ್ಡ್ ಫೋನಿನಲ್ಲೇ ಆರ್ಡರ್ ಮಾಡಿದರೆ ಸಿಗುತ್ತದೆ, ಒಂದು ಗೀರೂ ಇಲ್ಲದ್ದು. ಎರಡು ಸಲ ಕೊಂಡೆ, ಎರಡೂ ಸಲ ಲಾಭಕ್ಕೆ ಮಾರಿದೆ. ಆಲ್ಬಮ್‌ಗೆ ಹಾಕಲಿಲ್ಲ. ಹಾಕಿಕೊಂಡು, "ಅಕ್ಕಾ, ಕೊನೆಗೂ ಸಿಕ್ಕಿತು ನೋಡಿ" ಎಂದು ಕೆಣಕಲು ಅವರಿಲ್ಲ.