ಯಜಮಾನರ ಪಗಾರ

ನನ್ನ ಗಂಡ ತೀರಿಕೊಂಡ ಕೆಲವು ವಾರಕ್ಕೆ ಮೈದುನ ಸೇಡಂನಿಂದ ಬಂದು, ಶಹಾಬಾದಿನ ನಮ್ಮ ಕಲ್ಲಿನ ಯುನಿಟ್ಟನ್ನು ತಾನೇ ಕೊಳ್ಳುತ್ತೇನೆ ಎಂದ. ಒಂದು ರೇಟೂ ಹೇಳಿದ, ಮಾತು ಮುಗಿಯುವವರೆಗೆ ಯುನಿಟ್ಟನ್ನು ತಾನೇ ನೋಡಿಕೊಳ್ಳತೊಡಗಿದ. ಖಣಿಯಿಂದ ಬಂದ, ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಕೊಯ್ದು, ಪಾಲಿಶ್ ಮಾಡಿ, ಲಾರಿಗೆ ತುಂಬಿಸುವ ಯುನಿಟ್ಟು ಅದು. ಜಾಗ ಬಾಡಿಗೆಯದು, ಮಷೀನುಗಳು ನಮ್ಮವು. ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವ ನನ್ನ ಸಂಬಳ ಹಾಲಿಗೂ ಕರೆಂಟಿಗೂ ಸರಿಹೋಗುತ್ತಿತ್ತು. ಉಳಿದ ಮನೆಯೆಲ್ಲ ನಡೆದದ್ದು ಆ ಯುನಿಟ್ಟಿನಿಂದ. ಮಗಳ ನರ್ಸಿಂಗ್ ಓದು ಇನ್ನು ನಡೆಯಬೇಕಾದದ್ದೂ ಅದನ್ನು ಮಾರಿ ಬಂದದ್ದರಲ್ಲೇ.

ಅವನ ರೇಟು ಕೇಳಿ ಸಿಟ್ಟು ಬಂತು. ಆ ದಿನಗಳಲ್ಲಿ ನನಗೆ ಬರುತ್ತಿದ್ದದ್ದು ಅದೊಂದೇ. ಅಳು ಬರಲಿಲ್ಲ, ಮಣ್ಣು ಮಾಡಿ ಬಂದ ದಿನವೂ ಬರಲಿಲ್ಲ. ಓಣಿಯ ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರೆ ಅವರ ಬೆನ್ನು ಸವರಿ ಸಮಾಧಾನ ಮಾಡಿದವಳು ನಾನು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆ, ಶಾಲೆಗೆ ಹೋಗುತ್ತಿದ್ದೆ. ಜೋಮು ಹಿಡಿದ ಕಾಲನ್ನು ಊರಿ ನಡೆದ ಹಾಗೆ ದಿನ ನಡೆಯುತ್ತಿತ್ತು, ಅಷ್ಟೇ.

ವಾಡಿಯಲ್ಲಿ ಒಬ್ಬರಿದ್ದರು. ಸಿಮೆಂಟ್ ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಿಂದ ನಿವೃತ್ತರಾಗಿ ಕಾಮರ್ಸ್ ಹುಡುಗರಿಗೆ ಪಾಠ ಹೇಳುತ್ತಿದ್ದರು. ಧಂದೆಗೆ ಬೆಲೆ ಕಟ್ಟುವುದು ಹೇಗೆಂದು ನನಗೂ ಕಲಿಸಿರಿ ಎಂದು ಕೇಳಿದೆ. ಮೈದುನನ ಮುಂದೆ ಕಾಗದ ಹಿಡಿದು ಕೂಡಬೇಕು ಎಂಬ ಹಟ. ಗಣಿತದವಳು, ನಾಲ್ಕು ಪಾಠದಲ್ಲಿ ಮುಗಿದೀತು ಎಂಬ ಜಂಬವೂ ಇತ್ತು. ಪ್ರತಿ ಭಾನುವಾರ ಪ್ಯಾಸೆಂಜರ್ ಗಾಡಿ ಹತ್ತಿ ಹೋಗತೊಡಗಿದೆ.

ಸರ್ ಮೊದಲು ಕೈಗೆ ಕೊಟ್ಟದ್ದು ಯಾವುದೋ ದೊಡ್ಡ ಕಂಪನಿಯ ವಾರ್ಷಿಕ ವರದಿ. “ಮುಂದಿನ ಬಣ್ಣದ ಫೋಟೊ ಬಿಡ್ರಿ. ಹಿಂದಿನ ಸಣ್ಣಕ್ಷರ ಓದ್ರಿ. ಹೇಳಬಾರದ್ದೆಲ್ಲ ಅಲ್ಲೇ ಹೇಳಿರ್ತಾರ” ಎಂದರು. ಓದಿದೆ. ಲಾಭ ಬೇರೆ, ಕೈಗೆ ಬಂದ ರೊಕ್ಕ ಬೇರೆ ಎಂದು ತಿಳಿಯಿತು. ಮಷೀನು ನಿಂತಲ್ಲೇ ನಿಂತಿದ್ದರೂ ವರ್ಷವರ್ಷ ಅದರ ಬೆಲೆ ಇಳಿಸಿ ಬರೆಯುವುದಕ್ಕೆ ಸವಕಳಿ ಎನ್ನುತ್ತಾರೆ. ಈ ಓದು ನನಗೆ ಹಿಡಿಸಿತು. ಅದರಲ್ಲಿ ಯಾರೂ ನನ್ನನ್ನು ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಗಾಡಿಯಲ್ಲಿ ಕಿಟಕಿಗೆ ಒರಗಿ ಅದನ್ನೇ ಓದುತ್ತಿದ್ದೆ. ಹೊರಗೆ ಖಣಿಗಳು ಹೋಗುತ್ತಿದ್ದವು, ತಲೆ ಎತ್ತುತ್ತಿರಲಿಲ್ಲ.

ಆಮೇಲೆ ನಮ್ಮ ಯುನಿಟ್ಟಿನ ಕಾಗದಗಳನ್ನು ಒಯ್ದೆ. ಸರ್ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಒಡಕು ಭಾಳ ಕಡಿಮಿ ಅದಲ್ರಿ. ಎಲ್ಲಾರ ಯುನಿಟ್‌ನ್ಯಾಗ ಕಲ್ಲು ಇದಕ್ಕಿಂತ ಜಾಸ್ತಿ ಒಡೀತಾವ.”

“ಖಣಿಗೆ ಹೋಗಿ ಅವರೇ ಆರಿಸಿ ತರ್ತಿದ್ರು ಸರ್” ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ವರ್ಷದ ಲಾಭ ತೆಗೆದೆ, ಅಂಥ ಲಾಭ ಎಷ್ಟು ವರ್ಷ ಬಂದೀತೆಂದು ಅಂದಾಜಿಸಿದೆ, ಗುಣಿಸಿದೆ. ಮೈದುನ ಹೇಳಿದ್ದರ ಮೂರು ಪಟ್ಟಿಗಿಂತ ಮೇಲೆ ಬಂತು. ನೋಡು, ಅವರ ಒಡಹುಟ್ಟಿದವನೇ ಹೇಗೆ ಟೋಪಿ ಹಾಕಲು ನೋಡಿದ ಎಂದು ಒಳಗೊಳಗೇ ಖುಷಿಪಟ್ಟೆ. ಬಹಳ ದಿನದ ಮೇಲೆ ಆದ ಖುಷಿ, ಅದೂ ಇಂಥದ್ದು.

ಸರ್ ಕಾಗದವನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. “ಯಜಮಾನರ ಪಗಾರ ಎಲ್ಲಿ ಬರ್ದೀರಿ?”

“ಅವರು ಪಗಾರ ತಗೋತಿರಲಿಲ್ಲ. ಮಾಲೀಕರು ಅವರೇ ಅಲ್ಲೇನ್ರಿ.”

“ಹೌದವ್ವ. ಆದ್ರ ನಾಳಿಂದ ಆ ಕೆಲಸ ಯಾರ್ ಮಾಡ್ತಾರ? ಅವರಿಗೆ ಎಷ್ಟ್ ಕೊಡ್ಬೇಕಾಗ್ತದ? ಅದನ್ನ ಕಳೀರಿ. ಕಳದ್ ಮ್ಯಾಲ ಉಳಿದದ್ದು ಧಂದೆ ಗಳಿಸಿದ್ದು.”

ಆ ವಾರ ರಾವೂರಿನ ಪರಿಚಯದ ಯುನಿಟ್ಟಿಗೆ ಫೋನ್ ಮಾಡಿ ಕೇಳಿದೆ. ಖಣಿಯಲ್ಲಿ ಕಲ್ಲು ಆರಿಸಬೇಕು, ಮಷೀನು ಕೆಟ್ಟರೆ ಕೈ ಹಾಕಬೇಕು, ಚಿತ್ತಾಪುರ, ಚಿಂಚೋಳಿ ಸುತ್ತಿ ಆರ್ಡರ್ ತರಬೇಕು, ಲಾರಿಯವರ ಜೊತೆ ಜಗಳಾಡಬೇಕು. ಅಂಥವನಿಗೆ ಪಗಾರ ಎಷ್ಟು? ಆ ಕಡೆಯವರು ನಕ್ಕರು. ಒಬ್ಬನೇ ಇಷ್ಟೆಲ್ಲ ಮಾಡುವವನು ಸಿಗುವುದಿಲ್ಲ, ಇಬ್ಬರನ್ನಾದರೂ ಇಡಬೇಕು ಎಂದರು. ಇಬ್ಬರ ಪಗಾರ ಬರೆದೆ, ಕಳೆದೆ. ಏನೂ ಉಳಿಯಲಿಲ್ಲ. ಲೆಕ್ಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ತಪ್ಪಿರಲಿಲ್ಲ.

ಭಾನುವಾರ ಸರ್ ಅದನ್ನು ನೋಡಿ, ಹಳೆ ಮಷೀನು, ಶೆಡ್ಡಿನ ತಗಡು, ನಿಲ್ಲಿಸಿಟ್ಟ ಕಲ್ಲು, ಇಷ್ಟೇ ಇದರ ಬೆಲೆ ಎಂದರು. ಕೂಡಿಸಿದರೆ ಹೆಚ್ಚುಕಡಿಮೆ ಮೈದುನ ಹೇಳಿದ ರೇಟೇ ಬಂತು.

“ಹಂಗಾದ್ರ ಇಷ್ಟ್ ವರ್ಷ ನಾವು ಉಂಡದ್ದು ಏನ್ ಸರ್?”

“ಅವರ ಕೂಲಿ” ಎಂದರು. ಆಮೇಲೆ ಎದ್ದು ಒಳಗೆ ಹೋಗಿ ಚಹಾ ಮಾಡಿಸಿಕೊಂಡು ಬಂದರು. ಅದನ್ನು ಕುಡಿದು ಗಾಡಿ ಹತ್ತಿದೆ. ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಲೆಕ್ಕ ಸರಿಯಿದೆ ಎನ್ನಿಸಿತು.

ಮೈದುನ ಮತ್ತೆ ಬಂದಾಗ, ನಿನ್ನ ರೇಟು ಸರಿಯಾಗಿದೆ ಎಂದೆ. ನನ್ನ ಕಾಗದವನ್ನು ಅವನ ಮುಂದಿಟ್ಟೆ. ಜಗಳಕ್ಕೆ ತಯಾರಾಗಿ ಬಂದಿದ್ದನೇನೋ, ಅದನ್ನು ನೋಡಿ ಮಡಚಿಟ್ಟ. ಒಪ್ಪಿಕೊಂಡ ಮುಂಗಡವನ್ನು ನನ್ನ ಖಾತೆಗೆ ಹಾಕಿದ. ತಟ್ಟೆಯಲ್ಲಿಟ್ಟ ಅವಲಕ್ಕಿಯನ್ನು ಮುಟ್ಟಲಿಲ್ಲ. ನನ್ನ ಮೇಲಿನ ಸಿಟ್ಟಿಗೋ ಏನೋ ಎಂದುಕೊಂಡೆ.

“ವೈನಿ, ಒಂದ್ ಮಾತ್ ಕೇಳ್ಬೇಕಿತ್ತು” ಎಂದ. “ನಾ ನೋಡ್ಕೊಳ್ಳಾಕ ಶುರು ಮಾಡಿದಾಗಿಂದ ಕಲ್ಲು ಭಾಳ ಒಡ್ಯಾಕತ್ತಾವ. ಅಣ್ಣ ಖಣಿಯಾಗ ಕಲ್ಲು ಹ್ಯಾಂಗ ಆರಿಸ್ತಿದ್ದ? ನಿಮಗೇನರ ಹೇಳ್ಯಾನೇನ್ರಿ?”

ಅವರು ಮನೆಗೆ ಬಂದರೆ ಮೈಮೇಲಿನ ಧೂಳು ತೊಳೆದುಕೊಂಡು, ಉಂಡು, ಟಿವಿ ನೋಡುತ್ತ ಹಾಗೇ ನಿದ್ದೆ ಹೋಗುತ್ತಿದ್ದರು. ಕಲ್ಲಿನ ಮಾತು ಮನೆಯಲ್ಲಿ ಬರುತ್ತಿರಲಿಲ್ಲ.

“ಇಲ್ಲಪ್ಪ” ಎಂದೆ. ಅವನು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ. “ಅವರು ಬಂದ್ ಮ್ಯಾಲ ಕೇಳಿ…” ಎಂದು ಬಾಯಿಗೆ ಬಂದದ್ದು ಅರ್ಧಕ್ಕೆ ನಿಂತಿತು. ಅವರು ಇನ್ನು ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ.